ಮಾತಾಡುತ್ತಾ ಮೆಟ್ಟಿಲಿಳಿದ ಮಳೆಗಾಲ

ಹೋದ ವಾರ ಮುಂಬೈ ಹತ್ತಿರದ ಕಲ್ಯಾಣದಲ್ಲಿರುವ ಅಮ್ಮನ ಮನೆಗೆ ಹೋಗಿದ್ದೆ. ಅಮ್ಮನ ಭುಜ ಹಿಡಿದುಕೊಂಡಿದೆ. ಅದಕ್ಕೆ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ಮನೆಗೇ ಬಂದು ವ್ಯಾಯಾಮ ಮಾಡಿಸುತ್ತಾಳೆ. ಅವಳು ಚೀಲದಿಂದ ನೋವಿನ ಸ್ಪ್ರೇ ಡಬ್ಬಿ ತೆಗೆದು, ಗಡಗಡ ಅಲ್ಲಾಡಿಸಿ, ಬುಸ್ಸೆಂದು ಒಮ್ಮೆ ಹೊಡೆದಳು ನೋಡಿ, ನಾನು ಚಹಾದ ಲೋಟವನ್ನು ಅಲ್ಲೇ ಇಟ್ಟು ಬಾಲ್ಕನಿಗೆ ಎದ್ದು ಹೋದೆ. ನನ್ನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಬಂದು ಕೂತಿತ್ತು.

“ಎಂತ ಆಯ್ತು ಮಾರಾಯ್ತಿ? ಆ ವಾಸನೆ ಆಗುದಿಲ್ವಾ ನಿಂಗೆ?” ಎಂದು ಅಮ್ಮ ಒಳಗಿನಿಂದ ಕೂಗಿದಳು.

ಆಗುವುದಿಲ್ಲ ಎಂದಲ್ಲ. ಮೂಗಿಗೆ ತಣ್ಣಗೆ ಹತ್ತಿ ಕಣ್ಣಲ್ಲಿ ನೀರು ತರಿಸುವ ಆ ವಾಸನೆಗೆ ನನ್ನ ಒಂದು ಇಡೀ ಮಳೆಗಾಲ ಅಂಟಿಕೊಂಡಿದೆ. ಹದಿನಾಲ್ಕನೇ ಇಸವಿಯದು. ಅಷ್ಟು ಹೆದರಿಕೊಂಡು ನಾನು ಯಾವತ್ತೂ ಬದುಕಿಲ್ಲ, ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಆಗ ಫುಟ್‌ಬಾಲಿಗೆಂದೇ ಒಂದು ಇಂಗ್ಲಿಷ್ ಮಾಸಪತ್ರಿಕೆ ಬರುತ್ತಿತ್ತು. ಈಗ ನಿಂತುಹೋಗಿದೆ. ಅದರಲ್ಲಿ ನಾನು ಫೋಟೋಗ್ರಾಫರ್. ಓಡುವ, ಜಿಗಿಯುವ, ಗೋಲು ಹೊಡೆಯುವ ಚಿತ್ರಗಳಿಗೆ ಬೇರೆಯವರಿದ್ದರು, ನನ್ನದು ಪೋರ್ಟ್ರೇಟ್. ಆಟಗಾರ ಸುಮ್ಮನೆ ನಿಲ್ಲಬೇಕು, ನನ್ನ ಕಡೆ ನೋಡಬೇಕು, ಅಷ್ಟೆ. ಒಂದೂವರೆ ಗಂಟೆ ಓಡು ಎಂದರೆ ಓಡುವ ಗಂಡಸರು ಎರಡು ನಿಮಿಷ ಸುಮ್ಮನೆ ನಿಲ್ಲಿ ಎಂದರೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ಅದನ್ನು ನೋಡುವುದೇ ಒಂದು ಮಜಾ. ನನ್ನ ಹೆಸರು ಸ್ವಲ್ಪ ಓಡುತ್ತಿದ್ದದ್ದಕ್ಕೆ ಒಂದು ಕಾರಣವಿತ್ತು: ನಾನು ಹುಲ್ಲಿನ ಮೇಲೆ ಬೋರಲು ಮಲಗಿ ಫೋಟೋ ತೆಗೆಯುತ್ತಿದ್ದೆ. ನೆಲದಿಂದ ನೋಡಿದರೆ ಐದೂವರೆ ಅಡಿಯವನೂ ಠಾಣೆ ಊರಿನ ಹೊಸ ಟವರುಗಳ ಹಾಗೆ ಎದ್ದು ನಿಲ್ಲುತ್ತಾನೆ, ಬೆನ್ನ ಹಿಂದೆ ಬರೀ ಆಕಾಶ. ಸಂಪಾದಕರಿಗೆ ಅದೇ ಬೇಕಿತ್ತು. ನನ್ನ ಅಂಗಿಗಳ ಎದೆಯ ಮೇಲೆಲ್ಲ ತೊಳೆದರೂ ಹೋಗದ ಹಸಿರು ಕಲೆಗಳಿದ್ದವು.

ಆ ಜೂನಿನಲ್ಲಿ ವಾರ್ಷಿಕ ಸಂಚಿಕೆಯ ಕೆಲಸ ಬಂತು. ನವಿ ಮುಂಬೈಯ ಒಂದು ಕ್ಲಬ್ಬಿನ ಇಡೀ ತಂಡದ ಪೋರ್ಟ್ರೇಟ್, ಮುಖಪುಟಕ್ಕೆ ಕ್ಯಾಪ್ಟನ್. ವರ್ಷಗಟ್ಟಲೆ ಕಾದಿದ್ದ ಕೆಲಸ. ಫೋನ್ ಇಟ್ಟ ಮೇಲೆ ಕುಣಿಯಬೇಕಿತ್ತು. ಕುಣಿಯಲಿಲ್ಲ, ಏಕೆಂದರೆ ಅದೇ ವಾರ ನಾನು ಬಸುರಿ ಎಂದು ಗೊತ್ತಾಗಿತ್ತು.

ಹಿಂದಿನ ವರ್ಷ ಒಂದು ಹೋಗಿತ್ತು. ಮೂರನೇ ತಿಂಗಳಲ್ಲಿ, ಯಾವ ಸೂಚನೆಯೂ ಇಲ್ಲದೆ. ಕ್ಯಾಮೆರಾ ಚೀಲದ ಭಾರ, ಲೋಕಲ್ ರೈಲಿನ ನೂಕುನುಗ್ಗಲು, ಒದ್ದೆ ಹುಲ್ಲಿನ ಥಂಡಿ, ಹೀಗೆ ಕಾರಣ ಹೇಳದವರೇ ಇಲ್ಲ. ನೀವು ಮಾಡಿದ ಯಾವುದರಿಂದಲೂ ಆದದ್ದಲ್ಲ ಇದು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ತಲೆ ಒಪ್ಪಿತು, ಮನಸ್ಸು ಒಪ್ಪಲಿಲ್ಲ. ಆದ್ದರಿಂದ ಈ ಸಲ ಮೂರು ತಿಂಗಳು ತುಂಬುವವರೆಗೆ ಯಾರ ಹತ್ತಿರವೂ ಬಾಯಿ ಬಿಡಬಾರದೆಂದು ನಾನೂ ನಾಗೇಶನೂ ತೀರ್ಮಾನ ಮಾಡಿಕೊಂಡೆವು. ನಾಗೇಶ ನನ್ನ ಗಂಡ, ಮೈಸೂರಿನವನು, ಐರೋಲಿಯ ಐಟಿ ಕಂಪನಿಯೊಂದರಲ್ಲಿದ್ದ.

“ಈ ಕೆಲಸ ಬಿಟ್ಬಿಡು ಕಣೆ. ಫುಟ್‌ಬಾಲ್ ಆಡೋರು ಎಲ್ಲಿಗೂ ಓಡಿಹೋಗಲ್ಲ” ಎಂದ.

“ಅವರು ಓಡಿಹೋಗಲ್ಲ, ನನ್ನ ಕೆಲಸ ಓಡಿಹೋಗತ್ತೆ” ಎಂದೆ. ಆ ಪತ್ರಿಕೆಯಲ್ಲಿ ಕ್ಯಾಮೆರಾ ಹಿಡಿದ ಹೆಂಗಸು ನಾನೊಬ್ಬಳೇ. ಬಸುರಿ ಎಂದು ಗೊತ್ತಾದ ದಿನವೇ ತುಂಬ ಕಾಳಜಿಯಿಂದ, ತುಂಬ ಒಳ್ಳೆಯ ಮಾತಿನಿಂದ ಬೇರೆ ಯಾರನ್ನೋ ಕಳಿಸುತ್ತಾರೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅವನು ಮಾತು ಬೆಳೆಸಲಿಲ್ಲ. ಆದರೆ ದಿನಾ ಬೆಳಿಗ್ಗೆ ನನ್ನ ಚೀಲವನ್ನು ನಮ್ಮ ಮನೆಯ ಹತ್ತಿರದ ಠಾಕುರ್ಲಿ ಸ್ಟೇಷನ್ನಿನವರೆಗೆ ತಾನೇ ಹೊತ್ತು ತರುತ್ತಿದ್ದ.

ರೈಲಿನದೇ ದೊಡ್ಡ ಹೆದರಿಕೆ. ಮುಂದಿನ ಸ್ಟೇಷನ್ ಡೊಂಬಿವಲಿಯಲ್ಲಿ ಲೇಡೀಸ್ ಡಬ್ಬಿಗೆ ಹತ್ತುವ ಗುಂಪನ್ನು ನೋಡಿದವರಿಗೆ ನಾನು ವಿವರಿಸಬೇಕಾಗಿಲ್ಲ. ನಾನು ಉಲ್ಟಾ ಹೋಗಲು ಶುರುಮಾಡಿದೆ: ಠಾಕುರ್ಲಿಯಿಂದ ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ, ಅಲ್ಲಿಂದಲೇ ಹೊರಡುವ ಸ್ಲೋ ಗಾಡಿಯಲ್ಲಿ ಕಿಟಕಿಯ ಪಕ್ಕ ಕೂತು, ಚೀಲವನ್ನು ತೊಡೆಯ ಮೇಲೆ ಗೋಡೆಯ ಹಾಗೆ ನಿಲ್ಲಿಸಿಕೊಂಡು ಠಾಣೆಗೆ. ಠಾಣೆಯಲ್ಲಿ ಸೇತುವೆ ಹತ್ತಿ ಇಳಿದು ನೆರೂಳಿನ ಗಾಡಿ. ಬಸುರಿ ಎಂದು ಒಂದು ಮಾತು ಹೇಳಿದ್ದರೆ ಆ ಡಬ್ಬಿಯ ಹೆಂಗಸರೇ ಯಾರನ್ನಾದರೂ ಎಬ್ಬಿಸಿ ಸೀಟು ಕೊಡಿಸುತ್ತಿದ್ದರು, ಚೀಲವನ್ನೂ ಇಳಿಸಿಕೊಡುತ್ತಿದ್ದರು. ಹೇಳಿದರೆ ಎಲ್ಲಿ ಕಣ್ಣು ತಾಗುತ್ತದೋ ಎಂದು ಹೇಳಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ. ಗಾಡಿ ಕಲ್ಯಾಣದಲ್ಲಿ ನಿಂತಿರುವಾಗಲೇ ಅವಳ ಫೋನ್ ಬರುವುದು, ಅವಳ ಮನೆಯಿಂದ ಹತ್ತು ನಿಮಿಷದ ದೂರದಲ್ಲಿ ಕೂತುಕೊಂಡು ನಾನು ಠಾಕುರ್ಲಿಯ ಮನೆಯಲ್ಲೇ ಇದ್ದೇನೆ ಎಂದು ಸುಳ್ಳು ಹೇಳುವುದು.

ಮೈದಾನ ನೆರೂಳಿನ ಆಚೆ, ಗುಡ್ಡದ ಕೆಳಗೆ, ಒಂದು ಕಾಲೇಜಿಗೆ ಸೇರಿದ್ದು. ಬೆಳಿಗ್ಗೆ ಅಭ್ಯಾಸ ಮುಗಿಸಿ ಕೆಸರಿನಲ್ಲಿ ಮಿಂದು ಬಂದವರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ತೆಗೆಯಬೇಕು. ಮಳೆ ನಿಂತ ಗಳಿಗೆಯಲ್ಲಿ ಓಡಿಬಾ, ಬಂದರೆ ಓಡಿಹೋಗು. ಮೊದಲ ದಿನ ನಾನು ಮಲಗಲಿಲ್ಲ. ನಿಂತುಕೊಂಡೇ ತೆಗೆದು ಕಳಿಸಿದೆ. ಸಂಜೆ ಸಂಪಾದಕರ ಫೋನ್. “ಯೇ ಕ್ಯಾ ಭೇಜಾ ಹೈ? ಪಾಸ್‌ಪೋರ್ಟ್ ಬನ್‌ವಾನಾ ಹೈ ಕ್ಯಾ ಸಬ್ ಕಾ?” ಇಡೀ ತಂಡಕ್ಕೆ ಪಾಸ್‌ಪೋರ್ಟ್ ಮಾಡಿಸಬೇಕಾ ಎಂದು. ನಾನು ನಕ್ಕಂತೆ ಮಾಡಿದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಒಂದು ಉಪಾಯ ಹೊಳೆಯಿತು. ಆಟಗಾರರನ್ನು ಗ್ಯಾಲರಿಯ ಮೇಲ್ಗಡೆಯ ಮೆಟ್ಟಿಲಿನಲ್ಲಿ ನಿಲ್ಲಿಸಿ ನಾನು ಕೆಳಗಿನ ಮೆಟ್ಟಿಲಿನಲ್ಲಿ ಕೂತೆ. ಅದೇ ಎತ್ತರ, ಅದೇ ಆಕಾಶ. ಸಂಪಾದಕರು ತೃಪ್ತರಾದರು. ಆದರೆ ಸಿಮೆಂಟಿನ ಆ ಕಡಿದಾದ ಮೆಟ್ಟಿಲು ಪಾಚಿಗಟ್ಟಿತ್ತು, ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಹತ್ತುವಾಗ ಪರವಾಗಿಲ್ಲ, ಇಳಿಯುವಾಗ ಜೀವ ಬಾಯಿಗೆ ಬರುತ್ತಿತ್ತು.

ಕ್ಯಾಪ್ಟನ್ನಿನ ಹೆಸರು ಪರಶುರಾಮ್. ಬೆಳಗಾವಿಯವರು, ರಕ್ಷಣೆಯ ಸಾಲಿನ ಆಟಗಾರ, ಮೂವತ್ತು ದಾಟಿದ್ದರು. ಫುಟ್‌ಬಾಲಿನಲ್ಲಿ ಅದು ಮುದುಕರಾಗುವ ವಯಸ್ಸು. ಅವರು ಕೆಸರನ್ನು ಬೆಳಗಾವಿಯ ಕನ್ನಡದಲ್ಲಿ ಬೈಯುವುದನ್ನು ಕೇಳಿ ನಾನು ನಕ್ಕಿದ್ದೇ ನಮ್ಮ ಪರಿಚಯ. “ಅಯ್ಯ, ನೀವು ನಮ್ಮವರೇನ್ರಿ ಅಕ್ಕಾರ!” ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ನನ್ನೆದುರು ಬೈಯುವಾಗ ಮರಾಠಿಗೆ ಹೋಗುತ್ತಿದ್ದರು, ಅದು ನನಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆಂದು ಗೊತ್ತಿಲ್ಲದೆ. ಫೋಟೋಗೆ ಮಾತ್ರ ಅವರು ನಿಲ್ಲಲಿಲ್ಲ. ಆ ವರ್ಷ ಹೊಸ ಕೋಚ್ ಬಂದಿದ್ದರು. ಆಗಸ್ಟಿನಲ್ಲಿ ಒಂದು ಅಭ್ಯಾಸ ಪಂದ್ಯ, ಅದನ್ನು ನೋಡಿ ತಂಡದ ಪಟ್ಟಿ ಅಂತಿಮ ಮಾಡುತ್ತಾರಂತೆ. “ಅದು ಆಗ್ಲಿ, ಆಮ್ಯಾಲೆ ತಕ್ಕೊಳ್ರಿ. ಪಟ್ಟಿಯಾಗ ಇಲ್ದಾಂವನ್ನ ಮುಖಪುಟದಾಗ ಹಾಕಿದ್ರ ನಿಮಗೂ ನಗೆಪಾಟಲು, ನನಗೂ ನಗೆಪಾಟಲು” ಎಂದರು.

ಜುಲೈಯ ಕೊನೆಯಲ್ಲಿ ಒಂದು ದಿನ, ಎಲ್ಲರೂ ಬಟ್ಟೆ ಬದಲಿಸಲು ಹೋದ ಮೇಲೆ, ನಾನು ಗ್ಯಾಲರಿಯಲ್ಲಿ ಲೆನ್ಸು ಒರೆಸುತ್ತಿದ್ದೆ. ಪರಶುರಾಮ್ ಬಂದು ಎರಡು ಮೆಟ್ಟಿಲು ಕೆಳಗೆ ನಿಂತರು. ಆಚೀಚೆ ನೋಡಿದರು.

“ಒಂದು ಮಾತ ಕೇಳ್ತೀನ್ರಿ ಅಕ್ಕಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಎಷ್ಟ ದಿನ ಆತ್ರಿ?”

ನಾನು ಲೆನ್ಸು ಒರೆಸುವುದನ್ನು ನಿಲ್ಲಿಸಿದೆ. “ಯಾರು ಹೇಳಿದ್ರು ನಿಮಗೆ?”

“ಯಾರ ಹೇಳ್ಬೇಕ್ರಿ? ನೋಡಿದ್ರ ಗೊತ್ತಾಗ್ತೈತಿ. ಬಗ್ಗಂಗಿಲ್ಲ, ಮಲಗಂಗಿಲ್ಲ, ಮೆಟ್ಟಲ ಇಳಿಯೋಮುಂದ ಹೊಟ್ಟಿ ಹಿಡ್ಕೊಂಡು ಇಳೀತೀರಿ. ನಿಮ್ಮ ಸಾಹೇಬರಿಗೆ ಹೇಳಿಲ್ಲ, ಹೌದಲ್ರಿ?”

“ಇಲ್ಲ” ಎಂದೆ.

“ಹೇಳಬ್ಯಾಡ್ರಿ. ಹೇಳಿದ್ರ ಮುಗೀತು, ತಗದ ಹಾಕ್ತಾರ” ಎಂದು ಜೇಬಿನಿಂದ ಒಂದು ಸ್ಪ್ರೇ ಡಬ್ಬಿ ತೆಗೆದು ನನ್ನ ಕೈಗಿಟ್ಟರು. “ತ್ವಡಿ ಸಂದಿನ ಸ್ನಾಯು ಭಾಳ ಕೆಟ್ಟದ್ರಿ. ಜಗ್ಗಿದ್ರ ತಿಂಗಳಗಟ್ಟಲೆ ಕಾಡ್ತೈತಿ. ರಾತ್ರಿ ಮಲಗೋ ಮುಂದ ಹೊಡ್ಕೊಳ್ರಿ, ಬಿಸಿನೀರು ಮಾತ್ರ ಹಾಕಬ್ಯಾಡ್ರಿ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಾನು ಮೈ ಕಾಯ್ದುಕೊಂಡು ನಡೆಯುವುದನ್ನು ಆ ಮನುಷ್ಯ ವಾರಗಟ್ಟಲೆ ಗಮನಿಸಿದ್ದಾರೆ, ಬೇರೆ ಯಾರೂ ಕಾಣದ್ದನ್ನು ಕಂಡಿದ್ದಾರೆ, ಕಂಡು ತಮ್ಮ ಲೋಕದಲ್ಲಿರುವ ಒಂದೇ ಕಾರಣವನ್ನು ಅದಕ್ಕೆ ಹೊಂದಿಸಿದ್ದಾರೆ. ಆಟಗಾರನೊಬ್ಬ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿದರೆ ಸ್ನಾಯು ಜಗ್ಗಿದೆ, ಕೋಚಿಗೆ ಮುಚ್ಚಿಟ್ಟಿದ್ದಾನೆ. ಇನ್ನೇನಿರಲು ಸಾಧ್ಯ? ನಗು ಒತ್ತರಿಸಿ ಬಂತು. ಅದರ ಹಿಂದೆಯೇ ಅಳುವೂ ಬಂತು. ನಾನು ಡಬ್ಬಿ ತೆಗೆದುಕೊಂಡು “ಥ್ಯಾಂಕ್ಸ್ ಪರಶುರಾಮ್” ಎಂದೆ. ತಿದ್ದಲು ಹೋಗಲಿಲ್ಲ.

ಆಮೇಲೆ ನಾನೇ ಕೇಳಿದೆ: “ನಿಮ್ಮ ಬಲ ಮೊಣಕಾಲಿಗೆ ಎಷ್ಟು ದಿನ ಆಯ್ತು?” ತಂಡದವರ ಫೋಟೋಗಳ ಹಿನ್ನೆಲೆಯಲ್ಲಿ ಅವರು ಅಲ್ಲಲ್ಲಿ ನಿಂತಿರುತ್ತಿದ್ದರು, ಎಲ್ಲದರಲ್ಲೂ ಭಾರ ಎಡಗಾಲಿನ ಮೇಲೆ. ಅವರು ನನ್ನನ್ನೇ ದಿಟ್ಟಿಸಿ ನೋಡಿ, ಕೊನೆಗೆ ನಕ್ಕರು. “ಮಾರ್ಚಿಂದ್ರಿ. ಕೋಚಿಗೆ ಗೊತ್ತಿಲ್ಲ. ಈ ವರ್ಷ ಒಂದು ತಂಡದಾಗ ಉಳಿದ್ರ ಸಾಕು, ಮುಂದಿಂದು ಮುಂದ.”

ಅಲ್ಲಿಂದ ಅವರು ನನಗೆ ಪಾಠ ಶುರುಮಾಡಿದರು. ನೋವು ಮುಚ್ಚಿಡುವುದು ಅವರಿಗೆ ಆಟದಷ್ಟೇ ಚೆನ್ನಾಗಿ ಬರುತ್ತಿತ್ತು. ಎಲ್ಲರಿಗಿಂತ ಮೊದಲೇ ಮೈದಾನಕ್ಕೆ ಬರಬೇಕು, ಆಗ ನಾವು ನಡೆದು ಬರುವುದನ್ನು ಯಾರೂ ನೋಡುವುದಿಲ್ಲ. ನೋವಾದಾಗ ಮುಖ ಕಿವುಚಬಾರದು, ಬೂಟಿನ ಲೇಸು ಕಟ್ಟಲು ಕೂರಬೇಕು. “ಮತ್ತ ಮೆಟ್ಟಲ ಇಳಿಯೋಮುಂದ ಯಾರ ಕೂಡರ ಮಾತಾಡ್ಕೋತ ಇಳೀರಿ. ಮಾತಾಡೋರು ಸಾವಕಾಶ ಇಳಿದ್ರ ಯಾರಿಗೂ ಸಂಶಯ ಬರಂಗಿಲ್ಲ.” ಹಾಗಾಗಿ ಆಗಸ್ಟಿನ ಎರಡು ವಾರ ನಾವಿಬ್ಬರೂ ಆ ಪಾಚಿಯ ಮೆಟ್ಟಿಲುಗಳನ್ನು ಮಾತಾಡುತ್ತಾ ಇಳಿದೆವು. ಎಂಥ ಮಾತು! ಡೊಂಬಿವಲಿಯಲ್ಲಿ ಕುಂದಾ ಎಲ್ಲಿ ಸಿಗುತ್ತದೆ, ಕಲ್ಯಾಣದಾಚೆಯ ಟಿಟ್ವಾಳಾದಲ್ಲಿ ಮನೆ ಕೊಂಡರೆ ಯಾವ ಗಾಡಿ ಹಿಡಿಯಬೇಕು, ನಮ್ಮ ಕರಾವಳಿಯ ತುಳು, ಕನ್ನಡದ ಹಾಗೇಕೆ ಕೇಳಿಸುವುದಿಲ್ಲ. ಮಧ್ಯೆ ಅವರು ಹಲ್ಲು ಕಚ್ಚುವುದು ನನಗೆ ಕೇಳುತ್ತಿತ್ತು. ನಾನು ಒಂದೊಂದು ಮೆಟ್ಟಿಲಿಗೂ ಒಳಗೊಳಗೇ ದೇವರನ್ನು ಕರೆಯುತ್ತಿದ್ದೆ. ಅಷ್ಟಾದರೂ ದಿನದಲ್ಲಿ ನನಗೆ ಸ್ವಲ್ಪ ಹಗುರಾಗುತ್ತಿದ್ದದ್ದು ಆ ಐದು ನಿಮಿಷವೇ.

ಹೆಂಡತಿ ಊರಿನಲ್ಲಿದ್ದಾಳೆ ಎಂದು ಒಮ್ಮೆ ಹೇಳಿದ್ದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಭ್ಯಾಸ ಪಂದ್ಯದ ದಿನ ಬೆಳಗಿನಿಂದಲೇ ಮಳೆ ಹಿಡಿದಿತ್ತು. ನನಗೆ ಮೂರು ತಿಂಗಳು ತುಂಬಲು ಇನ್ನು ಕೆಲವೇ ದಿನ. ಆ ಭಾನುವಾರ ಕಲ್ಯಾಣಕ್ಕೆ ಹೋಗಿ ಅಮ್ಮನಿಗೆ ಹೇಳುವುದೆಂದು ನಾಗೇಶನೂ ನಾನೂ ಮಾತಾಡಿಕೊಂಡಿದ್ದೆವು. ನಾನು ನೆರೂಳಿಗೆ ತಲುಪಿದ ಮೇಲೆ ಹಿಂದಿನ ಗಾಡಿಗಳು ನಿಂತವು ಎಂದು ಸುದ್ದಿ ಬಂತು. ಆದರೂ ಪಂದ್ಯ ನಡೆಯುವುದಿತ್ತು. ಮಧ್ಯಾಹ್ನ ಮಳೆ ಒಂದಿಷ್ಟು ಹಿಂಜರಿದಾಗ ತಂಡ ಮೈದಾನಕ್ಕಿಳಿದು ಮೈ ಬಿಸಿಮಾಡಿಕೊಳ್ಳುತ್ತಿತ್ತು. ನಾನು ಗ್ಯಾಲರಿಯ ಮೇಲಿದ್ದೆ. ಒಳಬಟ್ಟೆ ಒದ್ದೆಯಾದಂತೆ ಅನಿಸಿತು. ಮಳೆಯದು ಅಂದುಕೊಂಡೆ. ಅಂದುಕೊಳ್ಳಲು ನೋಡಿದೆ. ಗ್ಯಾಲರಿಯ ಹಿಂದಿನ ಬಚ್ಚಲಿಗೆ ಹೋಗಿ ನೋಡಿದರೆ ರಕ್ತ.

ಹೊರಗೆ ಬಂದು ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. ನಾಗೇಶನಿಗೆ ಫೋನ್ ಮಾಡಿದೆ. “ಈಗಲೇ ಹೊರಟೆ, ಅಲ್ಲಾಡಬೇಡ, ಏನೂ ಆಗಲ್ಲ” ಎಂದ. ಐರೋಲಿಯ ರಸ್ತೆಯಲ್ಲಿ ಮೊಣಕಾಲುದ್ದ ನೀರು, ಗಾಡಿ ಇಲ್ಲ, ರಿಕ್ಷಾ ಇಲ್ಲ. ನನಗೆ ಕಾಲುಗಳಿದ್ದರೂ ಏಳಲು ಧೈರ್ಯವಿಲ್ಲ. ಎದ್ದರೆ ಹೋಗಿಬಿಡುತ್ತದೆ, ಕೂತರೂ ಹೋಗಿಬಿಡುತ್ತದೆ. ಹಿಂದಿನ ವರ್ಷವೂ ಹೀಗೆಯೇ ಶುರುವಾಗಿತ್ತು.

ನಾನು ಹಾಗೆ ಕೂತದ್ದನ್ನು ಕೆಳಗಿನಿಂದ ಪರಶುರಾಮ್ ನೋಡಿದರು. ಹತ್ತಿ ಬಂದರು. “ಜಾಸ್ತಿ ಆತೇನ್ರಿ? ಸ್ಪ್ರೇ ಎಲ್ಲೈತಿ?”

“ಪರಶುರಾಮ್, ಇದು ಸ್ನಾಯು ಅಲ್ಲ. ನಾನು ಬಸುರಿ. ರಕ್ತ ಹೋಗ್ತಾ ಇದೆ.”

ಆ ಮುಖವನ್ನು ನಾನು ಮರೆಯಲಾರೆ. ಬಣ್ಣವೇ ಇಳಿದುಹೋಯಿತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ, ಯಾರನ್ನೂ ಕೂಗಿ ಕರೆಯಲಿಲ್ಲ. ಬಗ್ಗಿ ನನ್ನನ್ನು ಎತ್ತಿಕೊಂಡರು. ನಡೆಯುತ್ತೇನೆ ಎಂದೆ. “ಸುಮ್ನಿರ್ರಿ” ಎಂದರು. ಬೂಟಿನ ಮೊಳೆಗಳು ಸಿಮೆಂಟಿನ ಮೇಲೆ ಕರಕರ ಎನ್ನುತ್ತಿದ್ದವು. ಪ್ರತಿ ಮೆಟ್ಟಿಲಿಗೂ ಬಲಗಾಲು ಇಟ್ಟಾಗ ಅವರ ಇಡೀ ಮೈ ಒಮ್ಮೆ ಜರ್ರೆಂದು ನಡುಗುವುದು ನನಗೆ ತಿಳಿಯುತ್ತಿತ್ತು. ಆ ದಿನ ನಾವು ಏನೂ ಮಾತಾಡಲಿಲ್ಲ. ಕೆಳಗೆ ಮುಟ್ಟುವ ಹೊತ್ತಿಗೆ ಅವರು ಬಹಿರಂಗವಾಗಿ ಕುಂಟುತ್ತಿದ್ದರು, ಕೋಚ್ ಮೈದಾನದ ಗೆರೆಯ ಬಳಿ ನಿಂತು ಅದನ್ನೇ ನೋಡುತ್ತಿದ್ದರು.

ಪಂದ್ಯವಿದ್ದಾಗ ಮೈದಾನದ ಪಕ್ಕ ಆ್ಯಂಬುಲೆನ್ಸ್ ನಿಂತಿರಲೇಬೇಕು, ಅದಿಲ್ಲದೆ ಆಟ ಶುರುಮಾಡುವಂತಿಲ್ಲ. ಪರಶುರಾಮ್ ನನ್ನನ್ನು ನೇರ ಅದರೊಳಗೆ ಮಲಗಿಸಿದರು. ಕೋಚ್ ಓಡಿ ಬಂದು, ಗಾಡಿ ಹೋದರೆ ಮ್ಯಾಚ್ ಹೇಗೆ ಎಂದು ಕೇಳಿದರು. ಕೆಟ್ಟವರಲ್ಲ, ಅವರಿಗೆ ಆಗಿನ್ನೂ ಏನಾಗಿದೆಯೆಂದು ಗೊತ್ತಿರಲಿಲ್ಲ. “ಮ್ಯಾಚ್ ರುಕೇಗಾ, ಸರ್”, ಮ್ಯಾಚ್ ಕಾಯುತ್ತದೆ, ಎಂದು ಹೇಳಿ ಪರಶುರಾಮ್ ತಾವೂ ಹತ್ತಿ ಬಾಗಿಲು ಎಳೆದುಕೊಂಡರು.

ಆಸ್ಪತ್ರೆಯಲ್ಲಿ ಸೋನೋಗ್ರಫಿಯ ಕೋಣೆಗೆ ನನ್ನನ್ನು ಒಬ್ಬಳನ್ನೇ ಒಯ್ದರು. ನಮ್ಮಲ್ಲಿ ಆ ಪರದೆಯನ್ನು ತಾಯಿಯ ಕಡೆ ತಿರುಗಿಸುವುದಿಲ್ಲ. ಗಂಡೋ ಹೆಣ್ಣೋ ಕೇಳಬೇಡಿ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ನೋಡುವುದೇ ನನ್ನ ಕಸುಬು, ಆದರೆ ನನ್ನ ಹೊಟ್ಟೆಯೊಳಗಿನ ಚಿತ್ರ ಡಾಕ್ಟರಿಗೆ ಮಾತ್ರ ಕಾಣುತ್ತಿತ್ತು. ನಾನು ಅವರ ಮುಖವನ್ನೇ ನೋಡಿದೆ. ವಯಸ್ಸಾದ ಮರಾಠಿ ಹೆಂಗಸು, ಕನ್ನಡಕದ ಗಾಜಿನಲ್ಲಿ ಪರದೆಯ ಬೂದು ಬೆಳಕು. ಹುಬ್ಬು ಗಂಟು ಹಾಕಿದರು. ಕೈಯಲ್ಲಿದ್ದುದನ್ನು ಹೊಟ್ಟೆಯ ಮೇಲೆ ಎಡಕ್ಕೆ ಸರಿಸಿದರು, ಒತ್ತಿದರು, ಮತ್ತೆ ಸರಿಸಿದರು. ತುಟಿ ಬಿಗಿಯಾಗಿಯೇ ಇತ್ತು. ಹುಬ್ಬಿನ ಗಂಟು ಎಂದರೆ ಏನು, ಬಿಗಿದ ತುಟಿ ಎಂದರೆ ಏನು ಎಂದು ನಾನು ಹುಡುಕುತ್ತಿದ್ದೆ. ಎಷ್ಟೋ ಹೊತ್ತಾದ ಮೇಲೆ ಅವರ ಕೆನ್ನೆ ಸಡಿಲವಾಯಿತು.

“ಠೋಕೆ ಆಹೇತ” ಎಂದರು. ಬಡಿತ ಇದೆ. “ಐಕಾಯ್ಚಂ ಕಾ?” ಕೇಳಬೇಕಾ ಎಂದು ಒಂದು ಗುಂಡಿ ತಿರುಗಿಸಿದರು. ಕೋಣೆಯ ತುಂಬ ಅದು ಓಡತೊಡಗಿತು, ಅವಸರ ಅವಸರವಾಗಿ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಲ್ಲಾಡಬೇಡಿ ಎಂದು ಡಾಕ್ಟರು ಗದರಿದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ನನಗೆ ತಿಂಗಳುಗಟ್ಟಲೆ ಹಾಸಿಗೆಯೇ ಗತಿಯಾಯಿತು, ಕಲ್ಯಾಣದಲ್ಲಿ, ಅಮ್ಮನ ಬೈಗುಳ ಮತ್ತು ಗಂಜಿಯ ನಡುವೆ. ಮುಖಪುಟದ ಫೋಟೋವನ್ನು ಬೇರೆಯವನೊಬ್ಬ ಬೋರಲು ಮಲಗಿ ತೆಗೆದ. ಅದರಲ್ಲಿದ್ದದ್ದು ಪರಶುರಾಮ್ ಅಲ್ಲ. ಅವರ ಮೊಣಕಾಲಿನ ವಿಷಯ ಆ ದಿನವೇ ಬಯಲಾಯಿತು, ಪಟ್ಟಿಯಲ್ಲಿ ಹೆಸರು ಬರಲಿಲ್ಲ, ಗಣಪತಿ ಹಬ್ಬಕ್ಕೆ ಊರಿಗೆ ಹೋದವರು ಮರಳಲಿಲ್ಲ. ಈಗ ಬೆಳಗಾವಿಯಲ್ಲಿ ಶಾಲೆಯೊಂದರಲ್ಲಿ ಆಟ ಕಲಿಸುತ್ತಾರೆ. ನನ್ನ ಮಗಳು ಚಳಿಗಾಲದಲ್ಲಿ ಹುಟ್ಟಿದಳು. ಅವಳು ಟ್ಯೂಷನ್ನಿನಿಂದ ಬರುವುದು ಹತ್ತು ನಿಮಿಷ ತಡವಾದರೆ ಇವತ್ತಿಗೂ ನಾನು ಗೇಟಿನಲ್ಲಿ ನಿಂತಿರುತ್ತೇನೆ, ಅವಳು ಹಿಂದಿಯಲ್ಲಿ ನನ್ನನ್ನು ಗದರಿಸುತ್ತಲೇ ಒಳಗೆ ಹೋಗುತ್ತಾಳೆ.

ಆ ಸಂಜೆ ನನ್ನನ್ನು ವಾರ್ಡಿಗೆ ತಳ್ಳಿಕೊಂಡು ಹೋಗುವಾಗ ಪರಶುರಾಮ್ ಹೊರಗಿನ ಬೆಂಚಿನಲ್ಲಿದ್ದರು. ಜೆರ್ಸಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಬಲ ಮೊಣಕಾಲು ತೆಂಗಿನಕಾಯಿಯಷ್ಟು ಊದಿತ್ತು. ನರ್ಸ್ ಗಾಡಿ ನಿಲ್ಲಿಸಿದಳು.

“ಐತೇನ್ರಿ ಅಕ್ಕಾರ?”

“ಇದೆ” ಎಂದೆ. “ಓಡ್ತಾ ಇದೆ.”

ಅವರು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಭುಜ ಅಲ್ಲಾಡುತ್ತಿತ್ತು. ನಾನು “ನಿಮ್ಮ ಮ್ಯಾಚ್ ಹೋಯ್ತಲ್ಲ ಪರಶುರಾಮ್. ನೀವು ಕುಂಟಿದ್ದು ಕೋಚ್ ನೋಡಿದ್ರು” ಎಂದೆ.

ಅವರು ಮುಖದಿಂದ ಕೈ ತೆಗೆದರು. ಆಮೇಲೆ ನೆಲ ನೋಡುತ್ತಾ ಹೇಳಿದರು.

“ಹ್ವಾದ ವರ್ಷ ನಮ್ದೊಂದು ಹೋತ್ರಿ. ಆರನೇ ತಿಂಗಳದಾಗ. ನಾ ಗೋವಾದಾಗ ಆಡಾಕತ್ತಿದ್ದೆ. ಮ್ಯಾಚಿಗೆ ಮೊದಲ ನಮ್ಮ ಫೋನೆಲ್ಲಾ ಒಂದು ಚೀಲದಾಗ ಹಾಕಿಸ್ಕೊಂಡು ಬಿಡ್ತಾರ, ಧ್ಯಾನ ಕೆಡಬಾರ್ದಂತ. ಆಕಿ ಫೋನ್ ಮಾಡೇ ಮಾಡ್ಯಾಳ, ಮಾಡೇ ಮಾಡ್ಯಾಳ. ಅದು ಚೀಲದಾಗ ಬಡ್ಕೊಂಡೈತಿ.” ಮೂಗು ಒರೆಸಿಕೊಂಡರು. “ಅವತ್ತ ನಾವು ಗೆದ್ದಿದ್ವಿ ಅಕ್ಕಾರ. ನಾ ಅಂಗಿ ಬಿಚ್ಚಿ ಕುಣಿದಿದ್ದೆ.”